ಹೋಮ್‌ವರ್ಕ್ ಕೊಡುವ ಚಿಕಿತ್ಸೆ

ಈ ಸಲದ ಯುಗಾದಿ ಊಟಕ್ಕೆ ನಾಸಿಕ್‌ನ ನಾಲ್ಕೈದು ಕನ್ನಡ ಮನೆಗಳವರು ಒಟ್ಟಿಗೆ ಸೇರಿದ್ದೆವು. ಎಲೆಗೆ ಹೋಳಿಗೆ ಬೀಳುವಷ್ಟರಲ್ಲಿ ಮಾತು ಹೇಗೋ ಮನೋವೈದ್ಯರ ಕಡೆ ತಿರುಗಿತು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, "ಈ ಸಿಬಿಟಿ ಗಿಬಿಟಿ ಅಂದ್ರೆ ಏನ್ರೀ? ಒಳ್ಳೇದನ್ನೇ ಯೋಚನೆ ಮಾಡೋ ಅಂತ ನಮ್ಮಜ್ಜಿ ಪುಕ್ಕಟೆ ಹೇಳ್ತಿದ್ದಳು. ಇವರು ಗಂಟೆಗೆ ಸಾವಿರ ರೂಪಾಯಿ ಇಸ್ಕೊಂಡು ಅದನ್ನೇ ಹೇಳ್ತಾರೆ" ಎಂದರು. ಎಲ್ಲರೂ ನಕ್ಕರು. ಮಾತು ಚೆನ್ನಾಗಿತ್ತು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೂ ಅದು ತಲೆಯಲ್ಲೇ ಉಳಿಯಿತು. ನನಗೆ ತೀರ ಬೇಕಾದ ಒಬ್ಬ ಹುಡುಗ ಒಂದೂವರೆ ವರ್ಷ ಈ ಚಿಕಿತ್ಸೆಗೆ ಹೋಗದೆ ದೂರ ಉಳಿದದ್ದು ಇಂಥದ್ದೇ ನಗೆಮಾತಿನ ಕಾರಣಕ್ಕೆ. ಅವನ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಈ ತಿಂಗಳು ಅದರ ಬಗ್ಗೆ ಬರೆಯುತ್ತಿದ್ದೇನೆ.

ಅವನು ಕಲಬುರಗಿ ಕಡೆಯವನು. ವಯಸ್ಸು 31. ನಮ್ಮ ಕಂಪನಿಗೆ ಎರಡು ಕಡೆ ಪ್ಲಾಂಟುಗಳಿವೆ: ಒಂದು ನಾಸಿಕ್‌ನ ಅಂಬಡ್‌ನಲ್ಲಿ, ಇನ್ನೊಂದು ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ. ಇಲ್ಲಿ ನಾನು, ಅಲ್ಲಿ ಅವನು, ಇಬ್ಬರೂ ಇಆರ್‌ಪಿ ನೋಡಿಕೊಳ್ಳುವವರು. (ಊರಿನ ಹೆಸರು 2023ರಲ್ಲಿ ಬದಲಾಯಿತು. ಹಳಬರ ಬಾಯಲ್ಲಿ ಇನ್ನೂ ಔರಂಗಾಬಾದ್ ಎಂದೇ ಬರುತ್ತದೆ. ಆ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕೇ ಒಂದಿದೆ ಎಂದು ಎಷ್ಟು ಜನರಿಗೆ ಗೊತ್ತೋ! ಧುಳೆ ರಸ್ತೆಯ ಬೋರ್ಡಿನಲ್ಲಿ ಆ ಹೆಸರು ಕಂಡಾಗಲೆಲ್ಲ ನನಗೆ ಊರಿನವರು ಸಿಕ್ಕಷ್ಟು ಖುಷಿ.)

ಒಂದು ರಾತ್ರಿ, ತಿಂಗಳ ಕೊನೆಯ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ, ಅವನ ಎದೆ ಜೋರಾಗಿ ಹೊಡೆದುಕೊಳ್ಳತೊಡಗಿತು. ಉಸಿರು ಸಾಲದು, ಬೆರಳ ತುದಿಯಲ್ಲಿ ಜುಮುಜುಮು, ಕಣ್ಣು ಮಂಜು. ಸೆಕ್ಯೂರಿಟಿಯವರು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಇಸಿಜಿ, ರಕ್ತಪರೀಕ್ಷೆ, ಎಕೋ ಎಲ್ಲ ನಾರ್ಮಲ್. ಒಂದು ರಾತ್ರಿ ಇಟ್ಟುಕೊಂಡು, "ಆ್ಯಸಿಡಿಟಿ ಇರಬಹುದು" ಎಂದು ಕಳಿಸಿದರು. ಮೂರು ವಾರಕ್ಕೆ ಮತ್ತೆ ಬಂತು. ಆಮೇಲೆ ಮತ್ತೆ. ಮೂರನೇ ಸಲ ಹೃದ್ರೋಗ ತಜ್ಞರು ಚೀಟಿಯಲ್ಲಿ ‘ಪ್ಯಾನಿಕ್’ ಎಂದು ಬರೆದು ಮನೋವೈದ್ಯರ ಬಳಿ ಹೋಗಲು ಹೇಳಿದರು. ಅವನು ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟ. "ನನಗೇನ್ ತಲಿ ಕೆಟ್ಟದೇನು ಅಣ್ಣಾ?" ಎಂದು ನನ್ನನ್ನೇ ಕೇಳಿದ.

ಆಮೇಲಿನ ಒಂದೂವರೆ ವರ್ಷದಲ್ಲಿ ಅವನ ಬದುಕು ಎಷ್ಟು ಸಣ್ಣದಾಯಿತು ಎಂಬುದನ್ನು ನೋಡಿದವರಿಗೆ ಮಾತ್ರ ಗೊತ್ತು. ಮೊದಲು ಜಾಲ್ನಾ ರೋಡಿನ ಫ್ಲೈಓವರ್ ಮೇಲೆ ಬೈಕು ಹತ್ತಿಸುವುದು ಬಿಟ್ಟ. ನಡುವೆ ಸಿಕ್ಕಿಕೊಂಡರೆ? ಸಿನಿಮಾಕ್ಕೆ ಹೋದರೆ ಬಾಗಿಲ ಪಕ್ಕದ ಸೀಟು. ಆಮೇಲೆ ಸಿನಿಮಾವೇ ಇಲ್ಲ. ಕಿಸೆಯಲ್ಲಿ ಸದಾ ಒಂದು ಸಾರ್ಬಿಟ್ರೇಟ್ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ. ಮೀಟಿಂಗಿಗೆ ನಾಸಿಕ್‌ಗೆ ಬರಬೇಕಾದರೆ ವೈಜಾಪುರ, ಯೇವಲಾ, ನಿಫಾಡ್‌ಗಳ ಹಳೇ ದಾರಿಯಲ್ಲೇ ಬರುತ್ತಿದ್ದ, ಯಾವ ಊರಲ್ಲಿ ಯಾವ ಆಸ್ಪತ್ರೆ ಎಲ್ಲಿದೆ ಎಂಬುದು ಬಾಯಿಪಾಠ. ಸಮೃದ್ಧಿ ಹೆದ್ದಾರಿ ಅವನಿಗೆ ಬೇಡವೇ ಬೇಡ. ಅಲ್ಲಿ ಊರೇ ಸಿಗುವುದಿಲ್ಲವಲ್ಲ. ಕೊನೆಗೆ ಬರುವುದನ್ನೂ ನಿಲ್ಲಿಸಿದ. ವ್ಯಾಯಾಮ ಮಾಡಿದರೆ ಎದೆ ಬಡಿತ ಏರುತ್ತದೆಂದು ಮೆಟ್ಟಿಲು ಹತ್ತುವುದೂ ನಿಂತಿತು. ಮದುವೆಗೆ ನೋಡಿದ್ದ ಸಂಬಂಧವನ್ನು ಮುಂದೂಡಿದ. ಊರಿನಿಂದ ಅವನ ಅವ್ವ ನನಗೆ ಫೋನ್ ಮಾಡಿ, "ನೀವಾದ್ರೂ ಕೇಳ್ರೀ, ಹುಡುಗ ಏನೂ ಹೇಳವಲ್ಲ" ಎಂದರು.

ಅವ್ವನ ಮಾತಿಗೆ ಕಟ್ಟುಬಿದ್ದು ಕಡೆಗೂ ಮನೋವೈದ್ಯರ ಬಳಿ ಹೋದ. ಅವರು ಸಣ್ಣ ಪ್ರಮಾಣದ ಮಾತ್ರೆಯನ್ನೂ ಕೊಟ್ಟರು, ಜೊತೆಗೆ ಅದೇ ಊರಿನ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಬಳಿ ಸಿಬಿಟಿಗೆ ಕಳಿಸಿದರು. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಕನ್ನಡದಲ್ಲಿ ಅರಿವಿನ ವರ್ತನಾ ಚಿಕಿತ್ಸೆ ಎನ್ನುತ್ತಾರೆ. ಹೆಸರು ಸ್ವಲ್ಪ ಭಾರ, ನಾನು ಸಿಬಿಟಿ ಎಂದೇ ಬರೆಯುತ್ತೇನೆ.

ಮೊದಲ ಎರಡು ಭೇಟಿಗಳಲ್ಲಿ ಆಕೆ ಮಾಡಿದ ಕೆಲಸವೆಂದರೆ ಒಂದು ಹಾಳೆಯ ಮೇಲೆ ಒಂದು ಚಕ್ರ ಬರೆದದ್ದು. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಚಹಾ ಹೆಚ್ಚಾಗಿರಬಹುದು, ನಿದ್ದೆ ಕಡಿಮೆಯಾಗಿರಬಹುದು. ತಕ್ಷಣ ‘ಇದು ಹಾರ್ಟ್ ಅಟ್ಯಾಕ್’ ಎಂಬ ಯೋಚನೆ. ಆ ಯೋಚನೆಗೆ ಮೈ ಹೆದರುತ್ತದೆ, ಅಡ್ರಿನಲಿನ್ ಹರಿಯುತ್ತದೆ, ಎದೆ ಇನ್ನೂ ಜೋರಾಗಿ ಬಡಿಯುತ್ತದೆ. ಉಸಿರು ಸಾಲದೆಂದು ಜೋರಾಗಿ ಎಳೆದುಕೊಂಡರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಟ್ಟುತ್ತದೆ, ತಲೆ ತಿರುಗುತ್ತದೆ. ‘ನೋಡು, ನಿಜವಾಗಿಯೂ ಆಗುತ್ತಿದೆ!’ ಚಕ್ರ ಮತ್ತೊಂದು ಸುತ್ತು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್ ಬಗ್ಗೆ ಕೊಟ್ಟ ವಿವರಣೆ ಹೆಚ್ಚೂಕಡಿಮೆ ಇದೇ. ಇದರಲ್ಲಿ ನನಗೆ ಕಣ್ಣು ತೆರೆಸಿದ ಸಂಗತಿ ನೀರಿನ ಬಾಟಲಿಯದು. ಪ್ಯಾನಿಕ್ ತಾನಾಗಿಯೇ ಕೆಲವು ನಿಮಿಷಗಳಲ್ಲಿ ಏರಿ ಇಳಿಯುತ್ತದೆ. ಆದರೆ ಆ ಹೊತ್ತಿಗೆ ಇವನು ನೀರು ಕುಡಿದಿರುತ್ತಾನೆ, ಬಾಗಿಲ ಬಳಿ ಹೋಗಿರುತ್ತಾನೆ, ಮಾತ್ರೆ ಮುಟ್ಟಿ ನೋಡಿಕೊಂಡಿರುತ್ತಾನೆ. ಹಾಗಾಗಿ ಇಳಿದ ಶ್ರೇಯಸ್ಸೆಲ್ಲ ಬಾಟಲಿಗೆ! ‘ಬಾಟಲಿ ಇರದಿದ್ದರೆ ಸತ್ತೇ ಹೋಗುತ್ತಿದ್ದೆ’ ಎಂಬ ನಂಬಿಕೆ ಪ್ರತಿ ಸಲವೂ ಗಟ್ಟಿಯಾಗುತ್ತದೆ. ಕಾಪಾಡುತ್ತದೆಂದು ಹಿಡಿದುಕೊಂಡದ್ದೇ ಕಾಯಿಲೆಯನ್ನು ಸಾಕುತ್ತಿರುತ್ತದೆ.

ಈ ಪದ್ಧತಿ ಎಲ್ಲಿಂದ ಬಂತೆಂದು ಸ್ವಲ್ಪ ಓದಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಏರನ್ ಬೆಕ್ ಎಂಬ ಮನೋವೈದ್ಯ ಇದ್ದರು. 1921ರಲ್ಲಿ ಹುಟ್ಟಿ 2021ರಲ್ಲಿ, ನೂರು ತುಂಬಿಸಿ, ತೀರಿಕೊಂಡರು. ಫ್ರಾಯ್ಡ್ ದಾರಿಯಲ್ಲಿ ತರಬೇತಿ ಪಡೆದವರು. ಖಿನ್ನತೆಯವರು ಒಳಗೊಳಗೇ ತಮ್ಮ ಮೇಲೆ ಸಿಟ್ಟಾಗಿರುತ್ತಾರೆ ಎಂಬ ಸಿದ್ಧಾಂತವನ್ನು ಅವರ ಕನಸುಗಳಿಂದ ರುಜುವಾತು ಮಾಡಲು ಹೊರಟರು. ಕನಸಿನಲ್ಲಿ ಸಿಟ್ಟು ಸಿಗಲಿಲ್ಲ. ಸೋಲು, ನಷ್ಟ, ಕೈಲಾಗದತನ ಸಿಕ್ಕವು. ರೋಗಿಗಳ ತಲೆಯಲ್ಲಿ, ಅವರಿಗೇ ಗಮನವಿಲ್ಲದಂತೆ, ಸಣ್ಣ ಸಣ್ಣ ವಾಕ್ಯಗಳು ಸರಸರನೆ ಹಾದುಹೋಗುತ್ತಿರುತ್ತವೆ ಎಂಬುದನ್ನೂ ಬೆಕ್ ಗಮನಿಸಿದರು. ‘ನಾನು ಅವರಿಗೆ ಬೇಸರ ತರಿಸುತ್ತಿದ್ದೇನೆ’, ‘ನನ್ನಿಂದ ಇದಾಗದು’ ಎಂಬಂಥವು. ಇವನ್ನು ಆಟೋಮ್ಯಾಟಿಕ್ ಥಾಟ್ಸ್ ಎಂದು ಕರೆದರು. ಕರೆಯದೇ ಬರುವ ಯೋಚನೆಗಳು ಎನ್ನಬಹುದು. ಅವುಗಳನ್ನು ಹಿಡಿದು, ಬರೆದು, ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚಿದರೆ ರೋಗಿಗಳು ಸುಧಾರಿಸುತ್ತಿದ್ದರು. ಖಿನ್ನತೆಯ ಚಿಕಿತ್ಸೆಯ ಬಗ್ಗೆ ಅವರೂ ಸಂಗಡಿಗರೂ ಬರೆದ ಪುಸ್ತಕ 1979ರಲ್ಲಿ ಬಂತು. ಅತ್ತ ವರ್ತನೆಯ ಕಡೆಯಿಂದ, ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ವಿಧಾನಗಳು ಆಗಲೇ ಬೆಳೆದಿದ್ದವು. ಎರಡೂ ಸೇರಿದ್ದೇ ಇವತ್ತಿನ ಸಿಬಿಟಿ.

ನ್ಯೂಯಾರ್ಕಿನ ಆಲ್ಬರ್ಟ್ ಎಲಿಸ್ ಬೆಕ್‌ಗಿಂತ ಮೊದಲೇ, 1955ರ ಹೊತ್ತಿಗೆ, ಇಂಥದ್ದೇ ದಾರಿ ಹಿಡಿದಿದ್ದವರು. ಹರೆಯದಲ್ಲಿ ಹೆಣ್ಣುಮಕ್ಕಳೊಡನೆ ಮಾತಾಡಲು ಹೆದರುತ್ತಿದ್ದ ಎಲಿಸ್, ಬ್ರಾಂಕ್ಸ್‌ನ ಸಸ್ಯೋದ್ಯಾನದ ಬೆಂಚುಗಳಲ್ಲಿ ಕೂತಿದ್ದ ನೂರು ಹೆಂಗಸರನ್ನು ಒಂದೇ ತಿಂಗಳಲ್ಲಿ ಮಾತಾಡಿಸಿದ ಕತೆಯನ್ನು ತಾವೇ ಹೇಳಿಕೊಳ್ಳುತ್ತಿದ್ದರು. ಒಬ್ಬಳು ಮಾತ್ರ ಮತ್ತೆ ಭೇಟಿಯಾಗಲು ಒಪ್ಪಿದಳಂತೆ, ಅವಳೂ ಬರಲಿಲ್ಲವಂತೆ. ಆದರೆ ಹೆದರಿಕೆ ಹೋಯಿತು. ಎಲಿಸ್ ಅವರ ಪದ್ಧತಿ ಮಹಾರಾಷ್ಟ್ರದಲ್ಲಿ ಚೆನ್ನಾಗಿ ಬೇರುಬಿಟ್ಟಿದೆ. ಮುಂಬೈಯ ಕಿಶೋರ್ ಫಡಕೆ ಅದನ್ನು ಹಲವರಿಗೆ ಕಲಿಸಿದರು. ಠಾಣೆಯಲ್ಲಿ 1990ರಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಕಟ್ಟಿದ ಮನೋವೈದ್ಯ ಆನಂದ ನಾಡಕರ್ಣಿ ಅದನ್ನು ಮರಾಠಿ ಮನೆಮಾತಿಗೆ ಇಳಿಸಿದರು. ಅಂಜಲಿ ಜೋಶಿಯವರು ‘ಮೀ ಆಲ್ಬರ್ಟ್ ಎಲಿಸ್’ ಎಂಬ ಕಾದಂಬರಿಯನ್ನೇ ಬರೆದಿದ್ದಾರೆ. ಕನ್ನಡದಲ್ಲಿ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ಓದಿ ಬೆಳೆದ ತಲೆಮಾರು ನನ್ನದು. ಆದರೂ ಒಬ್ಬ ಮನಶ್ಶಾಸ್ತ್ರಜ್ಞನ ಬಗ್ಗೆ ಕಾದಂಬರಿ ಎಂದಾಗ ಮರಾಠಿಯವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮತ್ತೆ ಗೆಳೆಯನ ಕತೆಗೆ ಬರುತ್ತೇನೆ. ಅವನಿಗೆ ಒಂದು ನೋಟ್‌ಬುಕ್ ಇಡಲು ಹೇಳಿದರು. ಉದ್ದಕ್ಕೆ ಗೆರೆ ಎಳೆದು ಅಂಕಣಗಳು: ಏನು ನಡೆಯುತ್ತಿತ್ತು, ತಲೆಯಲ್ಲಿ ಯಾವ ವಾಕ್ಯ ಬಂತು, ಎಷ್ಟು ನಂಬಿದೆ (ನೂರಕ್ಕೆ), ಯಾವ ಭಾವನೆ ಎಷ್ಟು, ಆ ವಾಕ್ಯದ ಪರವಾಗಿ ಏನು ಸಾಕ್ಷಿ, ವಿರುದ್ಧ ಏನು ಸಾಕ್ಷಿ. ಸರ್ವರ್ ಬಿದ್ದಾಗ ಊಹೆ ಬಿಟ್ಟು ಮೊದಲು ಲಾಗ್ ನೋಡುವ ನಮ್ಮಂಥವರಿಗೆ ಇದು ಹೊಸದೇನಲ್ಲ. ವಾರಕ್ಕೊಂದು ಭೇಟಿ, ಉಳಿದ ಆರು ದಿನ ಹೋಮ್‌ವರ್ಕ್. ಮುಂದಿನ ಭೇಟಿ ಶುರುವಾಗುವುದೇ ಹೋಮ್‌ವರ್ಕ್ ನೋಡುವುದರಿಂದ.

ಮೂರು ವಾರ ಬರೆದರೂ ಏನೂ ಮುಂದಕ್ಕೆ ಹೋಗಲಿಲ್ಲ. ನೋಟ್‌ಬುಕ್ ತೋರಿಸಿದ, ನಾನೇ ನೋಡಿದ್ದೇನೆ. ಸೈಕಾಲಜಿಸ್ಟ್ ಮರಾಠಿಯವರು. ಇವನಿಗೆ ಮರಾಠಿ ಅರ್ಥವಾಗುತ್ತದೆ, ಮಾತು ಸಲೀಸಿಲ್ಲ. ಹಾಗಾಗಿ ಇಬ್ಬರ ನಡುವೆ ಹಿಂದಿ. ‘ತಲೆಯಲ್ಲಿ ಬಂದ ವಾಕ್ಯ’ ಎಂಬ ಕಡೆ ಪ್ರತಿ ದಿನವೂ ಒಂದೇ ಮಾತು: ಘಬರಾಹಟ್, ಟೆನ್ಷನ್, ಬಹುತ್ ಟೆನ್ಷನ್. ಟೆನ್ಷನ್ ಎಂಬುದು ಯೋಚನೆಯಲ್ಲ. ಅದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ನಾಲ್ಕನೇ ವಾರ ಆಕೆಯೇ ಕೇಳಿದರಂತೆ, ನೀವು ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ? ಹಾಗಾದರೆ ಅದರಲ್ಲೇ ಬರೆಯಿರಿ, ಬಂದದ್ದು ಬಂದ ಹಾಗೆ. ನನಗೆ ಓದಲು ಬರದಿದ್ದರೂ ಪರವಾಗಿಲ್ಲ, ಆಮೇಲೆ ನೀವೇ ಅರ್ಥ ಹೇಳಿ.

ಆ ವಾರದ ಮಂಗಳವಾರ ರಾತ್ರಿಯ ಹಾಳೆಯಲ್ಲಿ ಅವನು ಬರೆದದ್ದು: "ಅಪ್ಪ ಕರೀಲಾಕತ್ಯಾನ."

ಅಪ್ಪ 42ಕ್ಕೆ ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡರು. ಇವನಿಗಾಗ 12. ಇದನ್ನು ಸೈಕಾಲಜಿಸ್ಟ್‌ಗೆ ಮೊದಲ ದಿನವೇ ಹೇಳಿದ್ದ, ‘ತಂದೆಗೆ ಹೃದಯದ ತೊಂದರೆ ಇತ್ತು’ ಎಂದು, ಫಾರಂ ತುಂಬುವ ಹಾಗೆ. ಈಗ ಈ ಎರಡು ಪದವನ್ನು ಹಿಂದಿಗೆ ತಿರುಗಿಸಿದಾಗ ಆಕೆ ಒಂದು ಕ್ಷಣ ತಡೆದು, ‘ನಿಜವಾಗಿಯೂ ಅವರ ದನಿ ಕಿವಿಗೆ ಕೇಳುತ್ತದೆಯೇ?’ ಎಂದು ವಿಚಾರಿಸಿದರಂತೆ. ಕೇಳಬೇಕಾದ ಪ್ರಶ್ನೆಯೇ. ಇಲ್ಲ, ನಮ್ಮ ಕಡೆ ಹಂಗ ಅಂತಾರ ಮೇಡಂ, ಹತ್ತಿರ ಬಂತು ಅನ್ನೋದಕ್ಕ, ಎಂದ. ಹೇಳುತ್ತಾ ಹೇಳುತ್ತಾ ಅತ್ತನಂತೆ. ‘ಘಬರಾಹಟ್’ ಎಂದು ಮೂರು ವಾರ ಬರೆದವನಿಗೆ ಒಮ್ಮೆಯೂ ಅಳು ಬಂದಿರಲಿಲ್ಲ.

ಚಿಕಿತ್ಸೆ ಅಸಲಿಗೆ ಅಲ್ಲಿಂದ ಶುರುವಾಯಿತೆಂದು ನನ್ನ ತಿಳಿವಳಿಕೆ. ಏಕೆಂದರೆ ಈಗ ಒರೆಗೆ ಹಚ್ಚಲು ಒಂದು ವಾಕ್ಯ ಸಿಕ್ಕಿತ್ತು. ಅಪ್ಪನ ಹಾಗೆ ನಾನೂ ಈ ಬಡಿತದಲ್ಲೇ ಹೋಗುತ್ತೇನೆ. ಪರವಾಗಿ ಏನು ಸಾಕ್ಷಿ? ಅಪ್ಪನಿಗಾಯಿತು, ರಕ್ತಸಂಬಂಧ. ಅದು ಸುಳ್ಳಲ್ಲ, ಆಕೆ ಅದನ್ನು ಅಳಿಸಲೂ ಇಲ್ಲ. ವಿರುದ್ಧ? ಅಪ್ಪನಿಗೆ ದಿನಕ್ಕೆರಡು ಕಟ್ಟು ಬೀಡಿ, ಸಕ್ಕರೆ ಕಾಯಿಲೆಗೆ ಔಷಧಿಯೇ ಇಲ್ಲ, ಒಂದು ದಿನವೂ ಡಾಕ್ಟರ ಮುಖ ನೋಡಿದವರಲ್ಲ. ಇವನದು ಮೂರು ಇಸಿಜಿ, ಒಂದು ಎಕೋ, ಒಂದು ಟ್ರೆಡ್‌ಮಿಲ್ ಪರೀಕ್ಷೆ, ಎಲ್ಲ ಸರಿ. ಇಲ್ಲಿಯವರೆಗೆ ಇಂಥದ್ದು ಎಷ್ಟು ಸಲ ಬಂದಿದೆ? ಕೂತು ಎಣಿಸಿದರು, 23. ಎಷ್ಟು ಸಲ ಸತ್ತಿರಿ? ಇದನ್ನು ಹೇಳುವಾಗ ಅವನೂ ನಕ್ಕ.

ಅಜ್ಜಿಯ ಬುದ್ಧಿಮಾತಿಗೂ ಇದಕ್ಕೂ ವ್ಯತ್ಯಾಸ ಇಲ್ಲಿದೆ. ‘ನಿನಗೇನೂ ಆಗುವುದಿಲ್ಲ, ಧೈರ್ಯವಾಗಿರು’ ಎಂದು ಆಕೆ ಒಮ್ಮೆಯೂ ಹೇಳಲಿಲ್ಲ. ನಾವೆಲ್ಲ ಅವನಿಗೆ ಅದನ್ನು ಒಂದೂವರೆ ವರ್ಷ ಹೇಳಿದ್ದೆವಲ್ಲ, ಏನೂ ಉಪಯೋಗವಾಗಿರಲಿಲ್ಲ. ಸಿಬಿಟಿಯಲ್ಲಿ ಒಳ್ಳೆಯ ಯೋಚನೆಗೆ ವಿಶೇಷ ಮರ್ಯಾದೆ ಇಲ್ಲ. ಕೆಟ್ಟದಿರಲಿ ಒಳ್ಳೆಯದಿರಲಿ, ಸಾಕ್ಷಿ ಕೇಳುತ್ತಾರೆ. ಹಾಳೆಯ ಮೇಲೆ ವಾದ ಗೆದ್ದ ಮಾತ್ರಕ್ಕೂ ಸಾಲದು, ಮೈಯಿಂದ ಪರೀಕ್ಷೆ ಮಾಡಿ ನೋಡಬೇಕು.

ಹೃದ್ರೋಗ ತಜ್ಞರ ಒಪ್ಪಿಗೆ ಇದ್ದದ್ದರಿಂದ ಪರೀಕ್ಷೆಗಳು ಶುರುವಾದವು. ಮೊದಲನೆಯದು ಅದೇ ಕೋಣೆಯಲ್ಲಿ: ಒಂದು ನಿಮಿಷ ಜೋರುಜೋರಾಗಿ ಉಸಿರಾಡುವುದು. ಆಕೆಯೂ ಜೊತೆಗೆ ಉಸಿರಾಡಿದರು. ಅರ್ಧ ನಿಮಿಷಕ್ಕೇ ಬೆರಳು ಜುಮುಗುಟ್ಟಿತು, ತಲೆ ತಿರುಗಿತು. ತಾನು ಹಾರ್ಟ್ ಅಟ್ಯಾಕ್ ಎಂದುಕೊಂಡಿದ್ದನ್ನು ಕುರ್ಚಿಯಲ್ಲಿ ಕೂತು ತಾನೇ ತಯಾರಿಸಿದ್ದ, ನಿಲ್ಲಿಸಿದ ಮೇಲೆ ತಾನಾಗಿಯೇ ಹೋಯಿತು. ಆಮೇಲೆ ಆಫೀಸಿನ ಮೆಟ್ಟಿಲು ಓಡಿ ಹತ್ತುವುದು. ನೀರಿನ ಬಾಟಲಿ ಇಲ್ಲದೆ ಕ್ರಾಂತಿ ಚೌಕದವರೆಗೆ ಹೋಗಿ ಬರುವುದು. ಸಾರ್ಬಿಟ್ರೇಟನ್ನು ಮನೆಯ ಡ್ರಾಯರಿನಲ್ಲಿ ಬಿಡುವುದು. ಫ್ಲೈಓವರ್. ಪ್ರತಿಯೊಂದಕ್ಕೂ ಮೊದಲು ಬರೆಯಬೇಕು, ಏನಾಗುತ್ತದೆಂದು ಹೆದರುತ್ತಿದ್ದೇನೆ, ನೂರಕ್ಕೆ ಎಷ್ಟು ಖಾತ್ರಿ. ಆಮೇಲೆ ಏನಾಯಿತು ಎಂದು ಬರೆಯಬೇಕು. ಅವನ ಅಕ್ಷರದಲ್ಲಿ ಒಂದು ಸಾಲು: "ಪುಲ್ ಮ್ಯಾಲ ಕಣ್ಣಿಗೆ ಕತ್ತಲಿ ಬಂದು ಬೀಳ್ತೀನಿ, 80." ಪಕ್ಕದಲ್ಲಿ: "ಬೀಳಲಿಲ್ಲ. ಹಿಂದಿನ ಕಾರಿನವ ಹಾರ್ನ್ ಹೊಡದ."

ಒಂಬತ್ತನೇ ವಾರದ ಪರೀಕ್ಷೆಗೆ ನನ್ನನ್ನು ಕರೆದ. ದೌಲತಾಬಾದ್ ಕೋಟೆ. ಸೇವುಣ ಯಾದವರ ದೇವಗಿರಿ, ನಮ್ಮ ಹೊಯ್ಸಳರೊಡನೆ ತಲೆಮಾರುಗಟ್ಟಲೆ ಕಾದಾಡಿದವರ ರಾಜಧಾನಿ. ಏಳುನೂರಕ್ಕೂ ಹೆಚ್ಚು ಮೆಟ್ಟಿಲು. ನಡುವೆ ಶತ್ರುಗಳನ್ನು ದಾರಿ ತಪ್ಪಿಸಲೆಂದೇ ಬಂಡೆಯೊಳಗೆ ಕೊರೆದ ಕತ್ತಲೆಯ ಸುರಂಗದಾರಿ, ಅಂಧೇರಿ ಎನ್ನುತ್ತಾರೆ. ಒಳಗೆ ಬಾವಲಿಗಳ ವಾಸನೆ. ಎದೆ ಬಡಿತಕ್ಕೆ ಹೆದರುವವನಿಗೂ, ಸಿಕ್ಕಿಕೊಳ್ಳುವುದಕ್ಕೆ ಹೆದರುವವನಿಗೂ ಇದಕ್ಕಿಂತ ಒಳ್ಳೆಯ ಪರೀಕ್ಷಾ ಕೇಂದ್ರ ಮರಾಠವಾಡಾದಲ್ಲೇ ಇರಲಾರದು! ನನಗೆ ಒಂದೇ ಸೂಚನೆ ಇತ್ತು: ಅವನು ಏನೇ ಕೇಳಿದರೂ ಸಮಾಧಾನ ಹೇಳಬಾರದು. ಸುರಂಗದ ಬಾಯಿಗೆ ಬಂದಾಗ ನಿಂತ. "ಅಣ್ಣಾ, ನನ್ನ ಮಾರಿ ಬೆಳ್ಳಗಾಗ್ಯದೇನು ನೋಡ್ರಿ." ನಾನು ಸುಮ್ಮನಿದ್ದೆ. "ಏನಾರ ಅನ್ರೀ." ಆಗಲೂ ಸುಮ್ಮನಿದ್ದೆ. ಅದು ನನಗೆ ಎಷ್ಟು ಕಷ್ಟವಾಯಿತೆಂದರೆ, ಮನೆಯವರು ಇಂಥವರಿಗೆ ದಿನಕ್ಕೆ ಹತ್ತು ಸಲ ‘ಏನಾಗಲ್ಲ’ ಎಂದು ಯಾಕೆ ಹೇಳುತ್ತಾರೆಂದು ಅಲ್ಲೇ ಅರ್ಥವಾಯಿತು. ನಾಲ್ಕೈದು ನಿಮಿಷ ಗೋಡೆ ಹಿಡಿದು ನಿಂತಿದ್ದ. ಆಮೇಲೆ ಮೊಬೈಲ್ ದೀಪ ಹಾಕಿಕೊಂಡು ನನ್ನ ಮುಂದೆ ಹೊರಟ. ಮೇಲಿನ ಬಾರಾದರಿಯಲ್ಲಿ ಕೂತು ಬರೆದುಕೊಂಡ. ಏನು ಬರೆದನೆಂದು ನಾನು ಕೇಳಲಿಲ್ಲ. ಒಟ್ಟು 14 ಭೇಟಿಗಳಾದವು, ಭೇಟಿಗೆ 1,200 ರೂಪಾಯಿ. ಮೂರು ಆಸ್ಪತ್ರೆ ರಾತ್ರಿಗಳ ಬಿಲ್ಲು ಇದರ ಮೂರರಷ್ಟು ಇತ್ತು.

ಹಾಗಾದರೆ ಇದು ಯಾರಿಗೆಲ್ಲ ಆಗಿಬರುತ್ತದೆ? ಪ್ಯಾನಿಕ್, ಜನರೆದುರು ಬಾಯಿ ಕಟ್ಟುವ ಭಯ, ಎತ್ತರ, ಲಿಫ್ಟು, ನಾಯಿ ಮುಂತಾದ ನಿರ್ದಿಷ್ಟ ಭಯಗಳು, ಸದಾ ಏನಾದರೊಂದು ಚಿಂತೆ, ಖಿನ್ನತೆ, ಆಘಾತದ ನಂತರ ಕಾಡುವ ನೆನಪು. ಇವುಗಳಿಗೆಲ್ಲ ಸಿಬಿಟಿ ಫಲ ಕೊಡುತ್ತದೆಂಬುದಕ್ಕೆ ದಶಕಗಳ ಪ್ರಯೋಗಗಳಿವೆ. ಗೀಳು ಕಾಯಿಲೆಗೆ, ಅಂದರೆ ಒಸಿಡಿಗೆ, ಇದರದೇ ಒಂದು ರೂಪ ಇದೆ: ಕೊಳೆ ಎನಿಸಿದ್ದನ್ನು ಮುಟ್ಟಿ, ಕೈ ತೊಳೆಯದೆ ಕೂರುವುದು. ಕೇಳಲು ಕ್ರೂರ, ಆದರೆ 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ತೋರಿಸಿದಂದಿನಿಂದ ಅದು ನಿಂತಿದೆ. ನಮ್ಮ ಮನೆಗಳಲ್ಲಿ ಇದು ‘ಮಡಿ ಜಾಸ್ತಿ’ ಎಂಬ ಹೆಸರಿನಡಿ ವರ್ಷಗಟ್ಟಲೆ ಅಡಗಿರುತ್ತದೆ. ಮಡಿಯವರು ಪೂಜೆ ಮುಗಿದ ಮೇಲೆ ನೆಮ್ಮದಿಯಾಗಿ ಊಟ ಮಾಡುತ್ತಾರೆ, ಗೀಳಿನವರಿಗೆ ಆ ನೆಮ್ಮದಿ ಇಲ್ಲ.

ಈ ಪತ್ರಿಕೆಯ ಓದುಗರಲ್ಲಿ ಅರ್ಧ ಜನಕ್ಕೆ ಬೇಕಾಗಿರುವುದು ಬಹುಶಃ ನಿದ್ದೆಯ ಸಿಬಿಟಿ. ಅಮೆರಿಕದ ಗಡಿಯಾರಕ್ಕೆ ಕೆಲಸ ಮಾಡಿ ನಿದ್ದೆ ಕಳೆದುಕೊಂಡವರು ನಮ್ಮಲ್ಲಿ ಎಷ್ಟಿಲ್ಲ! ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನು ಕೊಡಿ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಸಲಹೆ ಮಾಡಿತು. ಇದರ ಲೆಕ್ಕ ತಲೆಕೆಳಗು. ಎಂಟು ಗಂಟೆ ಹಾಸಿಗೆಯಲ್ಲಿ ಹೊರಳಾಡಿ ಐದೂವರೆ ಗಂಟೆ ನಿದ್ದೆ ಮಾಡುವವನಿಗೆ, ‘ಬೇಗ ಮಲಗು’ ಎನ್ನುವ ಬದಲು ‘ಐದೂವರೆ ಗಂಟೆ ಮಾತ್ರ ಹಾಸಿಗೆಯಲ್ಲಿರು’ ಎನ್ನುತ್ತಾರೆ. ಏಳುವ ಹೊತ್ತು ಭಾನುವಾರವೂ ಬದಲಾಗಬಾರದು. ನಿದ್ದೆ ಬರದಿದ್ದರೆ ಎದ್ದು ಹೊರಗೆ ಕೂತು, ತೂಕಡಿಕೆ ಬಂದ ಮೇಲೆ ಮರಳಬೇಕು. ಮೊದಲ ಎರಡು ವಾರ ಯಾತನೆ, ಆಮೇಲೆ ನಿದ್ದೆ ಗಟ್ಟಿಯಾದಂತೆ ಹೊತ್ತು ಹೆಚ್ಚಿಸುತ್ತಾರೆ. ಮೂರ್ಛೆರೋಗ, ಬೈಪೋಲಾರ್ ಇದ್ದವರು, ರಾತ್ರಿ ಗಾಡಿ ಓಡಿಸುವವರು ಇದನ್ನು ತಾವೇ ಮಾಡಿಕೊಳ್ಳಬಾರದು.

ಓದಿದವರಿಗೆ, ಇಂಗ್ಲಿಷ್ ಬಲ್ಲವರಿಗೆ ಮಾತ್ರ ಇದು ಎಂಬ ಮಾತೂ ಇದೆ. ಅದಕ್ಕೆ ಉತ್ತರ ಪಕ್ಕದ ಗೋವಾದಲ್ಲಿದೆ. ವಿಕ್ರಂ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ 495 ಜನರೊಡನೆ ಒಂದು ಪ್ರಯೋಗ ನಡೆಸಿದರು. ಚಿಕಿತ್ಸೆ ಕೊಟ್ಟವರು ವೈದ್ಯರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ತರಬೇತಿ ಪಡೆದ ಸ್ಥಳೀಯರು. ಕೊಟ್ಟದ್ದು ಸಿಬಿಟಿಯ ವರ್ತನೆಯ ಭಾಗ: ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯದೆ, ದಿನಕ್ಕೊಂದು ಸಣ್ಣ ಕೆಲಸ ಗೊತ್ತುಮಾಡಿಕೊಂಡು ಮಾಡುವುದು, ಮನಸ್ಸು ಹಿಂದೆ ಬರುತ್ತದೆ. ಆರರಿಂದ ಎಂಟು ಭೇಟಿ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರು ತಿಂಗಳ ಹೊತ್ತಿಗೆ ಇದನ್ನು ಪಡೆದವರಲ್ಲಿ ಶೇ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಆರೈಕೆ ಮಾತ್ರ ಪಡೆದವರಲ್ಲಿ ಶೇ 39. ಅಲ್ಲಿ ಮಾತು ನಡೆದದ್ದು ಊರವರ ಭಾಷೆಯಲ್ಲಿ ಎಂಬುದನ್ನು ನಾನು ಮರೆಯುವುದಿಲ್ಲ.

ಇನ್ನು ಆಗಿಬರದ ಕಡೆಗಳು. ಉನ್ಮಾದದ ಏರಿಕೆಯಲ್ಲಿರುವವರಿಗೆ, ದನಿಗಳು ಕೇಳುವವರಿಗೆ ಮೊದಲು ಬೇಕಾದ್ದು ಔಷಧಿ. ಸಿಬಿಟಿ ಆಮೇಲೆ, ಜೊತೆಗೆ. ಹಾಸಿಗೆಯಿಂದ ಏಳಲಾರದಷ್ಟು ಕುಸಿದವರ ಕೈಗೆ ನೋಟ್‌ಬುಕ್ ಕೊಟ್ಟರೆ ಅದೂ ಒಂದು ಸೋಲಾಗಿ ಕಂಡೀತು. ನಡೆಯುತ್ತಿರುವ ಮಾತ್ರೆಯನ್ನು ತಾವೇ ನಿಲ್ಲಿಸಿ ಸಿಬಿಟಿ ಹಿಡಿಯುವುದಂತೂ ಬೇಡವೇ ಬೇಡ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಮಿತಿ ಬೇರೆಯದು. ಸಂಭಾಜಿನಗರದಿಂದ ಯಾವ ದಿಕ್ಕಿಗೆ ಹೊರಟರೂ ಸಿಗುವುದು ಹತ್ತಿ, ಸೋಯಾ ಹೊಲಗಳು. ರೈತರ ಆತ್ಮಹತ್ಯೆಗಳ ಸುದ್ದಿಗೆ ಹೆಸರಾದ ನೆಲ ಅದು. ಮರಾಠವಾಡಾ, ವಿದರ್ಭಗಳ ಜಿಲ್ಲೆಗಳಲ್ಲಿ ರೈತರಿಗೆ ಆಪ್ತಸಲಹೆ ಕೊಡಲು ಮಹಾರಾಷ್ಟ್ರ ಸರ್ಕಾರ ‘ಪ್ರೇರಣಾ’ ಎಂಬ ಯೋಜನೆಯನ್ನೂ ತಂದಿದೆ. ಬೇಕಾದದ್ದೇ. ಆದರೆ ‘ಈ ಸಾಲ ತೀರಿಸಲು ನನ್ನಿಂದಾಗದು’ ಎಂಬ ವಾಕ್ಯವನ್ನು ಒರೆಗೆ ಹಚ್ಚಿದರೆ ಅದು ನಿಜವೇ ಇರಬಹುದು. ಎರಡು ಹಂಗಾಮು ಮಳೆ ತಪ್ಪಿದವನ ಲೆಕ್ಕದಲ್ಲಿ ಯೋಚನೆಯ ದೋಷ ಹುಡುಕುವುದು ಅನ್ಯಾಯ. ಒಳ್ಳೆಯ ಚಿಕಿತ್ಸಕರು ಹಾಗೆ ಮಾಡುವುದಿಲ್ಲ. ‘ಸಾಲ ನಿಜ, ಅದಕ್ಕೆ ಬ್ಯಾಂಕು, ಸೊಸೈಟಿ, ಸಂಬಂಧಿಕರು ಎಂದು ದಾರಿ ಹುಡುಕೋಣ, ಸಾಲ ಇರುವುದರಿಂದ ನಾನು ಬದುಕಲು ಯೋಗ್ಯನಲ್ಲ ಎಂಬುದನ್ನು ಮಾತ್ರ ಒರೆಗೆ ಹಚ್ಚೋಣ’ ಎನ್ನುತ್ತಾರೆ. ಹೊಡೆಯುವ ಗಂಡನ ಮನೆಯಲ್ಲಿರುವವಳ ಭಯವೂ ಹೀಗೆಯೇ, ಅದು ತಪ್ಪು ಯೋಚನೆಯಲ್ಲ, ಸರಿಯಾದ ಮಾಹಿತಿ. ನಾವು ಕೆಲಸ ಮಾಡುವ ಕಡೆಗಳಲ್ಲೂ ನೋಡಿದ್ದೇನೆ: ಮೂವರ ಕೆಲಸವನ್ನು ಒಬ್ಬನಿಂದ ಮಾಡಿಸಿ, ಶುಕ್ರವಾರ ಮಧ್ಯಾಹ್ನ ‘ಯೋಚನೆ ಬದಲಿಸಿ, ಒತ್ತಡ ಗೆಲ್ಲಿ’ ಎಂದು ಒಂದು ವೆಬಿನಾರ್. ಬದಲಾಗಬೇಕಾದದ್ದು ಯೋಚನೆಯೋ ರೋಸ್ಟರೋ?

ನಾಸಿಕ್‌ನವರಾದ್ದರಿಂದ ಇಗತ್‌ಪುರಿಯ ಮಾತು ಬಂದೇ ಬರುತ್ತದೆ. ಗೋಯೆಂಕಾ ಅವರ ವಿಪಶ್ಯನಾ ಕೇಂದ್ರ ಧಮ್ಮಗಿರಿ ಇಲ್ಲಿಂದ ಒಂದು ಗಂಟೆಯ ದಾರಿ. ‘ಹತ್ತು ದಿನ ಅಲ್ಲಿ ಕೂತು ಬಾ, ಎಲ್ಲ ಸರಿಹೋಗುತ್ತದೆ’ ಎಂದು ನನ್ನ ಗೆಳೆಯನಿಗೂ ಹೇಳಿದವರಿದ್ದರು. ಧ್ಯಾನಕ್ಕೂ ಸಿಬಿಟಿಗೂ ನಂಟಿದೆ: ಪದೇಪದೇ ಖಿನ್ನತೆಗೆ ಒಳಗಾಗುವವರಿಗೆ ಅದು ಮರುಕಳಿಸದಂತೆ ಎರಡನ್ನೂ ಸೇರಿಸಿದ ಪದ್ಧತಿಯನ್ನು ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ರೂಪಿಸಿ 2002ರಲ್ಲಿ ಪುಸ್ತಕವಾಗಿ ತಂದರು. ಆದರೆ ಕಾಯಿಲೆಯ ನಡುವಿನಲ್ಲಿರುವವರನ್ನು ಹತ್ತು ದಿನದ ಮೌನಕ್ಕೆ ಕಳಿಸುವುದು ಬೇರೆ ವಿಷಯ.

ಹೋಗಬೇಕೆಂದರೆ ಎಲ್ಲಿಗೆ? ಮಹಾರಾಷ್ಟ್ರ ಸರ್ಕಾರದ ನಾಲ್ಕು ದೊಡ್ಡ ಮನೋರೋಗ ಆಸ್ಪತ್ರೆಗಳು ಪುಣೆ, ಠಾಣೆ, ನಾಗಪುರ, ರತ್ನಾಗಿರಿಗಳಲ್ಲಿವೆ, ನಾಸಿಕ್‌ನಲ್ಲಿಲ್ಲ, ಸಂಭಾಜಿನಗರದಲ್ಲಿಲ್ಲ. ಸಂಭಾಜಿನಗರದವರಿಗೆ ಘಾಟಿ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಖಾಸಗಿಯಾಗಿ ಹೋಗುವುದಾದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್‌ನಲ್ಲಿ ನೋಂದಾಯಿಸಿದ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದೇ ಎಂದು ಕೇಳಿ, ಕೇಳುವುದರಲ್ಲಿ ಅವಮಾನವೇನಿಲ್ಲ. ಎಷ್ಟು ಭೇಟಿ ಬೇಕಾಗಬಹುದು, ಹೋಮ್‌ವರ್ಕ್ ಇರುತ್ತದೆಯೇ ಎಂದೂ ಕೇಳಿ. ‘ಹೋಮ್‌ವರ್ಕ್ ಏನೂ ಇಲ್ಲ, ಬಂದು ಮಾತಾಡಿ ಹೋಗಿ’ ಎಂದರೆ ಅದು ಒಳ್ಳೆಯದೇ ಇರಬಹುದು, ಸಿಬಿಟಿ ಅಲ್ಲ. ನೀವಿರುವ ಊರಲ್ಲಿ ಕನ್ನಡದವರು ಸಿಗದಿದ್ದರೆ ವಿಡಿಯೋ ಮೂಲಕ ಬೆಂಗಳೂರು, ಧಾರವಾಡದವರನ್ನು ನೋಡಬಹುದು, ಇಲ್ಲವೇ ಗೆಳೆಯನ ಹಾಗೆ ನೋಟ್‌ಬುಕ್ಕನ್ನಾದರೂ ಮನೆಮಾತಿನಲ್ಲಿ ಬರೆಯಬಹುದು. ಊರಿನಲ್ಲಿರುವ ತಂದೆತಾಯಿಗೆ ಬೇಕಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ತಾಲ್ಲೂಕಿಗೆ ಬರುವ ದಿನ ಯಾವುದೆಂದು ವಿಚಾರಿಸಿ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದುಡ್ಡಿಲ್ಲ, ಹಗಲೂ ರಾತ್ರಿಯೂ ಇರುತ್ತದೆ. ಬದುಕು ಬೇಡವೆನಿಸುವ ಯೋಚನೆ ಬರುತ್ತಿದ್ದರೆ ಈ ಲೇಖನ ಮುಗಿಸುವ ಮೊದಲೇ ಅದಕ್ಕೆ ಫೋನ್ ಮಾಡಿ, ಪಕ್ಕದಲ್ಲಿರುವವರಿಗೂ ಹೇಳಿ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ.